ಒಬ್ಬರ ಹೆಸರಿಗೇ ಒಂದು ಕಾಯ್ದೆ: ಅಮೆರಿಕದ ‘ಪ್ರೈವೇಟ್ ಲಾ’

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ನಮ್ಮ ಸಂಸತ್ತಿನ ಖಾಸಗಿ ಸದಸ್ಯರ ಮಸೂದೆಗೂ ಅಮೆರಿಕದ ಪ್ರೈವೇಟ್ ಬಿಲ್‌ಗೂ ಸಂಬಂಧವಿಲ್ಲ. ನಮ್ಮಲ್ಲಿ ಮಂಡಿಸುವವರು ಮಂತ್ರಿಯಲ್ಲ, ಅಷ್ಟೇ ವ್ಯತ್ಯಾಸ. ಅಮೆರಿಕದ ಪ್ರೈವೇಟ್ ಬಿಲ್ ಹೆಸರು ಹಿಡಿದು ಒಬ್ಬ ವ್ಯಕ್ತಿಗೋ ಕುಟುಂಬಕ್ಕೋ ಸಂಸ್ಥೆಗೋ ಪರಿಹಾರ ಕೊಡುತ್ತದೆ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಎರಡೂ ಸದನಗಳ ಒಪ್ಪಿಗೆ, ಅಧ್ಯಕ್ಷರ ಸಹಿ ಇದಕ್ಕೂ ಬೇಕು. ಆದರೆ ಕ್ರಮಸಂಖ್ಯೆ ಬೇರೆ (111-1 ಅಂದರೆ 111ನೇ ಕಾಂಗ್ರೆಸ್ಸಿನ ಮೊದಲ ಪ್ರೈವೇಟ್ ಲಾ), ಮತ್ತು ಸಾಮಾನ್ಯ ಕಾನೂನುಗಳ ಸಂಹಿತೆಯಾದ ಯು.ಎಸ್. ಕೋಡ್‌ಗೆ ಇದು ಸೇರುವುದಿಲ್ಲ.

ಒಂದು ಕಾಲದಲ್ಲಿ ಇವು ರಾಶಿ ರಾಶಿಯಾಗಿ ಪಾಸಾಗುತ್ತಿದ್ದವು. ಸರ್ಕಾರದ ಮೇಲೆ ದಾವೆ ಹೂಡಲು ಸರ್ಕಾರವೇ ಒಪ್ಪಬೇಕೆಂಬ ತತ್ವವಿದ್ದುದರಿಂದ ನೊಂದವರಿಗೆ ಕಾಂಗ್ರೆಸ್ಸಿಗೆ ಅರ್ಜಿ ಹಾಕುವುದೊಂದೇ ದಾರಿ. 1855ರಲ್ಲಿ ಸರ್ಕಾರದ ಮೇಲಿನ ಹಣದ ಹಕ್ಕುಗಳನ್ನು ವಿಚಾರಿಸಲು ಕೋರ್ಟ್ ಆಫ್ ಕ್ಲೇಮ್ಸ್ ಬಂತು, ಆದರೆ ಅದು ವರದಿಯನ್ನಷ್ಟೇ ಕೊಡಬಹುದಿತ್ತು; ಕಾಂಗ್ರೆಸ್ ಮತ್ತೆ ಅದೇ ಕಡತ ತಿರುವಿಹಾಕಬೇಕು. ತೀರ್ಪು ಕೊಡುವ ಅಧಿಕಾರ ಸಿಕ್ಕಿದ್ದು 1863ರಲ್ಲಿ. 1887ರ ಟಕರ್ ಕಾಯ್ದೆ ಕೋರ್ಟಿಗೆ ತರಬಹುದಾದ ಹಣದ ಹಕ್ಕುಗಳನ್ನು ಇನ್ನಷ್ಟು ವಿಸ್ತರಿಸಿತು. ಸೈನಿಕರ ಪಿಂಚಣಿ ಬಿಲ್‌ಗಳು ಮಾತ್ರ ನಿಲ್ಲಲಿಲ್ಲ. ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಮೊದಲ ಅವಧಿಯಲ್ಲಿ (1885–89) ಚಲಾಯಿಸಿದ 414 ವೀಟೋಗಳಲ್ಲಿ ಹೆಚ್ಚಿನವು ಇಂಥವಕ್ಕೇ.

ನಿಜವಾದ ತಿರುವು 1946. ಸರ್ಕಾರಿ ನೌಕರರ ನಿರ್ಲಕ್ಷ್ಯದಿಂದ ಆದ ಹಾನಿಗೆ ಕೋರ್ಟಿಗೆ ಹೋಗಲು ಫೆಡರಲ್ ಟಾರ್ಟ್ ಕ್ಲೇಮ್ಸ್ ಕಾಯ್ದೆ ದಾರಿ ತೆರೆಯಿತು. ಅದೇ ಶಾಸನದ ಇನ್ನೊಂದು ಭಾಗ ಅಂಥ ಹಾನಿ, ಪಿಂಚಣಿ, ಸೇನಾ ದಾಖಲೆ ತಿದ್ದುಪಡಿ, ಸಂಚಾರಯೋಗ್ಯ ನದಿಗೆ ಸೇತುವೆ – ಈ ನಾಲ್ಕಕ್ಕೆ ಪ್ರೈವೇಟ್ ಬಿಲ್ ತರುವಂತಿಲ್ಲ ಎಂದಿತು. ಹಾಗಾಗಿ ಇಂದು ಮುಖ್ಯವಾಗಿ ಉಳಿದಿರುವುದು ಎರಡು: ವಲಸೆ, ಮತ್ತು ಕೋರ್ಟಿನಲ್ಲಿ ನಿಲ್ಲದ ಹಣದ ಹಕ್ಕು.

ಹಣದ ಬಿಲ್ಲಾದರೆ ಸದನವು ಅದನ್ನು ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್‌ಗೆ (ಹಳೆಯ ಕೋರ್ಟ್ ಆಫ್ ಕ್ಲೇಮ್ಸ್‌ನ ಇಂದಿನ ರೂಪ) ಕಳಿಸಬಹುದು. ವಿಚಾರಣಾಧಿಕಾರಿ ಸಾಕ್ಷ್ಯ ನೋಡಿ, ಇದು ಕಾನೂನಿನ ಹಕ್ಕೋ, ನ್ಯಾಯದೃಷ್ಟಿಯ ಹಕ್ಕೋ, ಅಥವಾ ಬರಿಯ ಕೊಡುಗೆಯೋ ಎಂದು ಹೇಳುತ್ತಾರೆ. ಮೂವರ ಪೀಠ ಪರಿಶೀಲಿಸುತ್ತದೆ. ಇದು ತೀರ್ಪಲ್ಲ, ವರದಿ.

ವಲಸೆ ಬಿಲ್‌ನಲ್ಲಿ, ಇಲಾಖೆಯಲ್ಲಿ ಇರುವ ಎಲ್ಲ ದಾರಿಗಳೂ ಮುಗಿದಿವೆ ಎಂದು ತೋರಿಸದಿದ್ದರೆ ಉಪಸಮಿತಿ ಕಡತವನ್ನೇ ಮುಟ್ಟುವುದಿಲ್ಲ. ಕೆಳಮನೆಯಲ್ಲಿ ಸಮಿತಿ ದಾಟಿದ ಬಿಲ್ ಇಂಥ ಬಿಲ್‌ಗಳದ್ದೇ ಪಟ್ಟಿಯಾದ ಪ್ರೈವೇಟ್ ಕ್ಯಾಲೆಂಡರ್‌ಗೆ ಸೇರುತ್ತದೆ. ತಿಂಗಳ ಮೊದಲ ಮಂಗಳವಾರ ಆ ಪಟ್ಟಿಯ ಬಿಲ್‌ಗಳನ್ನು ಪರಿಗಣನೆಗೆ ಕರೆಯುತ್ತಾರೆ. ಮೂರನೆಯ ಮಂಗಳವಾರ ಸ್ಪೀಕರ್ ಇಚ್ಛೆ. ಇಬ್ಬರು ಸದಸ್ಯರು ಆಕ್ಷೇಪಿಸಿದರೆ ಬಿಲ್ ಸಮಿತಿಗೆ ವಾಪಸ್. ಎರಡು ವರ್ಷದ ಕಾಂಗ್ರೆಸ್ ಮುಗಿದರೆ ಬಿಲ್ಲೂ ಮುಗಿಯಿತು, ಮತ್ತೆ ಮೊದಲಿಂದ ಮಂಡಿಸಬೇಕು. ಹೆಚ್ಚಿನವು ಸಾಯುವುದು ಹೀಗೆಯೇ, ಯಾರೂ ವಿರೋಧಿಸದೆ.

ಬಿಲ್ಲಿನ ಒಕ್ಕಣೆ ಗಮನಿಸಿ. ಶೀರ್ಷಿಕೆ “ಇಂಥವರ ಪರಿಹಾರಕ್ಕಾಗಿ” ಎಂದು. ಹಣದ ಬಿಲ್ಲಾದರೆ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ: ಬೇರೆಡೆ ಹಂಚಿಕೆಯಾಗದ ಖಜಾನೆ ಹಣದಿಂದ ಇಷ್ಟು ಕೊಡಬೇಕು, ಇದರೊಂದಿಗೆ ಎಲ್ಲ ಹಕ್ಕೂ ತೀರಿತು, ವಕೀಲರ ಪಾಲು ಶೇ. 10 ಮೀರಬಾರದು. ವಲಸೆ ಬಿಲ್ಲಾದರೆ ಎರಡು ವರ್ಷದೊಳಗೆ ಶುಲ್ಕಸಹಿತ ಅರ್ಜಿ ಹಾಕಬೇಕು, ಆ ವ್ಯಕ್ತಿ ಹುಟ್ಟಿದ ದೇಶದ ವೀಸಾ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ. ಭಾರತದಲ್ಲಿ ಹುಟ್ಟಿದವರಿಗೆ ಪಾಸಾದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವ ನಮ್ಮವರ ಲೆಕ್ಕದಿಂದಲೇ ಕಳೆಯುವುದು. ಇಂಥ ಬಿಲ್‌ಗಳನ್ನು ಅನುಮಾನದಿಂದ ನೋಡಲು ಕಾರಣವೂ ಇದೆ: 1980ರ ಆಬ್‌ಸ್ಕ್ಯಾಮ್ ಬಲೆಯಲ್ಲಿ ಎಫ್‌ಬಿಐ ಒಡ್ಡಿದ ಲಂಚಕ್ಕೆ ಸಂಸದರು ಕೊಟ್ಟ ಭರವಸೆಗಳಲ್ಲಿ ಪ್ರೈವೇಟ್ ವಲಸೆ ಬಿಲ್ಲೂ ಇತ್ತು.

ಒಬ್ಬರ ಹೆಸರಿನ ಕಾಯ್ದೆ ಉಪಕಾರ ಮಾಡಬಹುದು, ಶಿಕ್ಷೆ ಕೊಡುವಂತಿಲ್ಲ. ಅಲ್ಲಿನ ಸಂವಿಧಾನದ 1ನೇ ವಿಧಿಯ 9ನೇ ಸೆಕ್ಷನ್ ಅದನ್ನು ತಡೆಯುತ್ತದೆ. ನಮ್ಮಲ್ಲಿ ಆ ಕೆಲಸ ಸಮಾನತೆಯ ಹಕ್ಕು ಕೊಡುವ 14ನೇ ವಿಧಿಯದು. ಚರಣ್‌ಜಿತ್ ಲಾಲ್ ಪ್ರಕರಣದಲ್ಲಿ (1950) ಒಂದೇ ಕಂಪನಿಗೆ ಅನ್ವಯಿಸುವ ಸೋಲಾಪುರ ಗಿರಣಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಬಹುಮತದಿಂದ ಎತ್ತಿಹಿಡಿಯಿತು. ಅಮೀರುನ್ನಿಸಾ ಬೇಗಂ ಪ್ರಕರಣದಲ್ಲಿ (ಆಲ್ ಇಂಡಿಯಾ ರಿಪೋರ್ಟರ್ ತೀರ್ಪುಸಂಗ್ರಹ, 1953) ಮಾತ್ರ ಆಗಿನ ಹೈದರಾಬಾದ್ ರಾಜ್ಯದ ಕಾಯ್ದೆ ಬಿತ್ತು. ಒಬ್ಬ ನವಾಬನ ಆಸ್ತಿಯಲ್ಲಿ ಇಬ್ಬರು ಮಹಿಳೆಯರಿಗೂ ಅವರ ಮಕ್ಕಳಿಗೂ ಪಾಲಿಲ್ಲ ಎಂದು ಶಾಸನವೇ ತೀರ್ಮಾನಿಸಿತ್ತು. ಉಳಿದ ಪ್ರಜೆಗಳ ಇಂಥ ವ್ಯಾಜ್ಯ ಕೋರ್ಟಿನಲ್ಲಿ ತೀರ್ಮಾನವಾಗುವಾಗ ಇವರನ್ನು ಮಾತ್ರ ಬೇರೆ ಮಾಡಲು ಕಾರಣವಿಲ್ಲ ಎಂದಿತು ನ್ಯಾಯಾಲಯ.