ಬೆವರು ಸುರಿಸಿದರೆ ಹೆಪ್ಪು ಕರಗುತ್ತಾ?

ಸಾಯುವವರೆಗೂ ಓಡಿಸಿದ ಪ್ರಾಣಿಯ ರಕ್ತ ಹೆಪ್ಪುಗಟ್ಟುವುದಿಲ್ಲ ಅಂತ ಲಂಡನ್ನಿನ ಸರ್ಜನ್ ಜಾನ್ ಹಂಟರ್ ಬರೆದಿಟ್ಟಿದ್ದರು. ಆ ಪುಸ್ತಕ ಅಚ್ಚಾಗಿದ್ದು 1794ರಲ್ಲಿ, ಅವರು ತೀರಿಕೊಂಡ ಮೇಲೆ. ಮುಂದೆ 1947ರಲ್ಲಿ ಬಿಗ್ಸ್, ಮ್ಯಾಕ್‌ಫರ್ಲೇನ್ ಮತ್ತು ಪಿಲಿಂಗ್ ಎಂಬ ಸಂಶೋಧಕರು ಮನುಷ್ಯರಲ್ಲೇ ನೋಡಿದರು: ಜೋರು ವ್ಯಾಯಾಮ ಮಾಡಿಸಿದರೂ ಅಷ್ಟೇ, ಅಡ್ರಿನಲಿನ್ ಕೊಟ್ಟರೂ ಅಷ್ಟೇ, ಹೆಪ್ಪು ಬೇಗ ಕರಗುತ್ತಿತ್ತು.

ಹೆಪ್ಪನ್ನು ಹಿಡಿದಿಡುವುದು ಫೈಬ್ರಿನ್ ಎಂಬ ಎಳೆಗಳು. ಅವನ್ನು ತುಂಡರಿಸುವುದು ಪ್ಲಾಸ್ಮಿನ್ ಎಂಬ ಕಿಣ್ವ. ಪ್ಲಾಸ್ಮಿನ್ ಹುಟ್ಟಬೇಕಾದರೆ ರಕ್ತನಾಳದ ಒಳಪದರ ಟಿಪಿಎ ಎಂಬ ಇನ್ನೊಂದು ಕಿಣ್ವವನ್ನು ಬಿಡಬೇಕು. ಹೃದಯಾಘಾತಕ್ಕೆ ಇಂಜೆಕ್ಷನ್ನಾಗಿ ಕೊಡಲು ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಸಿಕ್ಕಿದ್ದೂ ಇದಕ್ಕೇ. ಟಿಪಿಎಗೆ ಅಡ್ಡಗಾಲು ಹಾಕುವುದು ಪಿಎಐ-1 ಎಂಬ ಪ್ರೋಟೀನ್, ಹೊಟ್ಟೆಯ ಬೊಜ್ಜು ಇದ್ದವರಲ್ಲಿ ಇದು ಜಾಸ್ತಿ, ಬೆಳಗಿನ ಹೊತ್ತು ಎಲ್ಲರಲ್ಲೂ ಜಾಸ್ತಿ.

ಸರಿ, ಯಾವ ವ್ಯಾಯಾಮ? ಒಂದೇ ಸಲದ ಲೆಕ್ಕ ತೆಗೆದುಕೊಂಡರೆ ಎಷ್ಟು ಹೊತ್ತು ಅನ್ನುವುದಕ್ಕಿಂತ ಎಷ್ಟು ಜೋರು ಅನ್ನುವುದೇ ಮುಖ್ಯ. ಭಾರ ಎತ್ತಿದಾಗಲೂ ಟಿಪಿಎ ಏರುತ್ತದೆ. ಆದರೆ ತಿಂಗಳುಗಟ್ಟಲೆ ಮಾಡಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇರುವುದು ನಡಿಗೆ, ಓಟ, ಸೈಕಲ್ಲಿನ ಕಡೆಗೇ, ಜಿಮ್ಮಿನ ಕಬ್ಬಿಣದ ಕಡೆ ಫಲಿತಾಂಶ ಒಂದೇ ಥರ ಇಲ್ಲ. 1991ರ ಅಮೆರಿಕದ ಅಧ್ಯಯನವೊಂದರಲ್ಲಿ ಆರು ತಿಂಗಳು ಕಷ್ಟಪಟ್ಟು ತರಬೇತಿ ಮಾಡಿದ ವಯಸ್ಸಾದ ಗಂಡಸರಲ್ಲಿ ಟಿಪಿಎ ಚಟುವಟಿಕೆ ಎರಡು ಪಟ್ಟಿಗೂ ಮೀರಿ ಏರಿತು, ಪಿಎಐ-1 ಅರ್ಧಕ್ಕಿಂತ ಕೆಳಗಿಳಿಯಿತು. ಯುವಕರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ! ಅವರದು ಮೊದಲೇ ಚೆನ್ನಾಗಿತ್ತು ಅಂತ ಕಾಣುತ್ತದೆ. 2003ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದವರು ಜಡವಾಗಿ ಕೂತಿದ್ದ ಹಿರಿಯ ಗಂಡಸರಿಗೆ ಮೂರು ತಿಂಗಳು ಏರೋಬಿಕ್ ವ್ಯಾಯಾಮ ಮಾಡಿಸಿದರು, ಅದರಲ್ಲಿ ಹೆಚ್ಚಿನದು ನಡಿಗೆಯೇ. ಟಿಪಿಎ ಬಿಡುವ ಶಕ್ತಿ ಸುಮಾರು ಶೇ 55ರಷ್ಟು ಹೆಚ್ಚಿ ಯುವಕರ ಮಟ್ಟಕ್ಕೆ ಬಂತು. ನನಗೆ ಇಡೀ ಕಥೆಯಲ್ಲಿ ಹಿಡಿಸಿದ್ದು ಇದೇ, ಯಾಕಂದ್ರೆ ಇದಕ್ಕೆ ಮ್ಯಾರಥಾನ್ ಬೇಕಾಗಲಿಲ್ಲ.

ಇಲ್ಲೊಂದು ಕೊಕ್ಕೆ ಇದೆ, ವಾಟ್ಸಾಪ್ ಫಾರ್ವರ್ಡ್‌ಗಳು ಅದನ್ನು ಹೇಳುವುದಿಲ್ಲ. ಜೋರು ವ್ಯಾಯಾಮ ಹೆಪ್ಪುಗಟ್ಟಿಸುವ ಶಕ್ತಿಯನ್ನೂ ಏರಿಸುತ್ತದೆ. ಟಿಪಿಎ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಮಾತ್ರ ಗಂಟೆಗಟ್ಟಲೆ ಏರಿದ್ದೇ ಇರುತ್ತದೆ. ವರ್ಷಗಟ್ಟಲೆ ಕೂತಿದ್ದವರು ಒಂದು ಭಾನುವಾರ ಸುಮ್ನೆ ಮೈದಾನಕ್ಕಿಳಿದು ಎದ್ದುಬಿದ್ದು ಓಡಿದರೆ ಅಪಾಯ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಇನ್ನು, ಕಾಲು ಊದಿ ನೋಯುತ್ತಿದೆ, ಒಳಗೆ ಹೆಪ್ಪು ಇರಬಹುದು ಅನ್ನುವ ಅನುಮಾನ ಬಂದರೆ ವಾಕಿಂಗ್ ಮಾಡಿ ಕರಗಿಸಲು ಹೋಗಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಅಂದಹಾಗೆ, 1991ರದ್ದು, 2003ರದ್ದು ಎರಡೂ ಗಂಡಸರ ಮೇಲೆ ಮಾಡಿದ್ದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಪಿಎಐ-1 ಏರುತ್ತದೆ ಅಂತ ಗೊತ್ತಿದ್ದೂ ಹೀಗೆ.