ಅಪಾಚಿ ಕಲಿಯಬೇಕೋ ಎಂಜಿನ್‌ಎಕ್ಸೋ? ಉದ್ಯಮಬಾಗದ ಲೇತ್ ಪಕ್ಕ ಕೂತು ಬರೆದ ಟಿಪ್ಪಣಿ

ಪಕ್ಕದ ಮನೆಯ ಹುಡುಗ ಈ ವರ್ಷ ಕಂಪ್ಯೂಟರ್ ಸೈನ್ಸ್ ಮುಗಿಸುತ್ತಿದ್ದಾನೆ. ಮೊನ್ನೆ ಬಂದು, "ಅಣ್ಣಾ, ಅಪಾಚಿ ಕಲೀಲೋ ಎಂಜಿನ್‌ಎಕ್ಸ್ ಕಲೀಲೋ? ಯಾವುದಕ್ಕ ನೌಕರಿ ಜಾಸ್ತಿ?" ಅಂದ. ಎರಡೂ ವೆಬ್ ಸರ್ವರ್, ಅಂದರೆ ಬ್ರೌಸರ್ ಕೇಳಿದ ಪುಟ ಕಳಿಸಿಕೊಡುವ ಸಾಫ್ಟ್‌ವೇರ್. ಎರಡು ತಾಸು ಕೂತು ಮಾತಾಡಿದೆವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ, ಯಾಕಂದರೆ ಬೆಳಗಾವಿ, ಬಾಗಲಕೋಟೆ ಕಡೆ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡವರು ಇನ್ನೂ ಭಾಳ ಮಂದಿ ಇದ್ದಾರೆ. ನಾನು ಹನ್ನೆರಡು ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮೊದಲು ಬೆಂಗಳೂರು, ಈಗ ಬೆಳಗಾವಿ ಟಿಳಕವಾಡಿಯ ಮನೆಯಿಂದಲೇ.

ಎರಡೂ ಒಳಗೆ ಹೇಗೆ ಕೆಲಸ ಮಾಡುತ್ತವೆ ಅಂತ ಮೊದಲು ನೋಡೋಣ. ಇದಿಲ್ಲದೆ ನೌಕರಿ ಮಾತು ಸುಮ್ನೆ.

ನಮ್ಮ ಕಾಕಾ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್ ಆಗಿದ್ದರು. ಹಳೆ ಲೇತ್‌ನಲ್ಲಿ ಒಂದು ಮಷೀನಿಗೆ ಒಬ್ಬ ಮನುಷ್ಯ. ಜಾಬ್ ಮುಗಿಯುವ ತನಕ ಅವನು ಅಲ್ಲಿಂದ ಕದಲುವಂತಿಲ್ಲ. (ಉದ್ಯಮಬಾಗದಲ್ಲಿ ಜಾಬ್ ಅಂದರೆ ನೌಕರಿಯಲ್ಲ, ಲೇತ್‌ಗೆ ಕಟ್ಟಿದ ಕಬ್ಬಿಣದ ತುಂಡು.) ಅಪಾಚಿಯ ಹಳೆಯ ಪದ್ಧತಿ, ಅಂದರೆ ಪ್ರಿಫೋರ್ಕ್, ಹೀಗೇ. ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯ ವೆಬ್ ಸರ್ವರ್‌ಗೆ ತೇಪೆ ಹಾಕುತ್ತಾ ಹಾಕುತ್ತಾ 1995ರಲ್ಲಿ ಹುಟ್ಟಿದ ಸಾಫ್ಟ್‌ವೇರ್ ಇದು. ಪ್ರಿಫೋರ್ಕ್‌ನಲ್ಲಿ ಒಂದು ಕನೆಕ್ಷನ್‌ಗೆ ಒಂದು ಪ್ರೊಸೆಸ್ (ಮೆಮೊರಿಯಲ್ಲಿ ಓಡುವ ಪ್ರೋಗ್ರಾಮ್‌ನ ಒಂದು ಪ್ರತಿ) ಪೂರ್ತಿ ಮೀಸಲು. ಆಚೆ ಕಡೆ ಮೊಬೈಲ್ ಹಿಡಿದವನ ನೆಟ್‌ವರ್ಕ್ ನಿಧಾನವಾಗಿದ್ದರೂ ಪ್ರೊಸೆಸ್ ಕಾಯುತ್ತಾ ನಿಂತಿರುತ್ತದೆ.

ಲೆಕ್ಕ ಹಾಕಿ ನೋಡಿ. ಪುಟ ತಯಾರಿಸುವ ಪಿಎಚ್‌ಪಿ ಭಾಷೆ ಸೇರಿ ಒಂದು ಪ್ರೊಸೆಸ್ 40 ಎಂಬಿ ಮೆಮೊರಿ ತಿನ್ನುತ್ತದೆ ಅಂದುಕೊಳ್ಳೋಣ. ಸರ್ವರ್‌ಗೆ ಕೊಡಲು ನಿಮ್ಮ ಹತ್ತಿರ 2000 ಎಂಬಿ ಇದೆ. 50 ಪ್ರೊಸೆಸ್, ಅಷ್ಟೇ. ಐವತ್ತೊಂದನೆಯವನು ಸಾಲಿನಲ್ಲಿ ನಿಲ್ಲಬೇಕು. ಅದರ ಮೇಲೆ ಕೀಪ್‌ಅಲೈವ್ ಬೇರೆ: ಪುಟ ಕೊಟ್ಟಾದ ಮೇಲೂ ಅದೇ ಮನುಷ್ಯ ಇನ್ನೇನಾದರೂ ಕೇಳಬಹುದು ಅಂತ ಅಪಾಚಿ ಮಾಮೂಲಿಯಾಗಿ 5 ಸೆಕೆಂಡ್ ಕಾಯುತ್ತದೆ. ಪರೀಕ್ಷೆ ಫಲಿತಾಂಶದ ದಿನ ಕೆಲವು ಸೈಟ್‌ಗಳು ಗಿರಗಿರ ಸುತ್ತುತ್ತಾ ಕೂರುವುದನ್ನು ನೋಡಿದ್ದೀರಲ್ವಾ? ಅದಕ್ಕೆ ಕಾರಣ ಹಲವು ಇರಬಹುದು, ಇದೂ ಒಂದು.

ಈಗ ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ನಡೆಸುವ ಮಷೀನಿಗೆ ಬನ್ನಿ. ಒಬ್ಬನೇ ಆಪರೇಟರ್ ಮೂರು ನಾಲ್ಕು ಮಷೀನ್ ನೋಡಿಕೊಳ್ಳುತ್ತಾನೆ. ಒಂದಕ್ಕೆ ಜಾಬ್ ಕಟ್ಟಿ ಬಟನ್ ಒತ್ತಿ, ಅದು ತಿರುಗುವಷ್ಟರಲ್ಲಿ ಇನ್ನೊಂದರ ಹತ್ತಿರ ಹೋಗುತ್ತಾನೆ. ಯಾವುದರ ದೀಪ ಹತ್ತಿತೋ ಅಲ್ಲಿಗೆ ಓಡುತ್ತಾನೆ. ಎಂಜಿನ್‌ಎಕ್ಸ್ ಅಂದರೆ ಇದೇ. ಒಂದೇ ಮಷೀನಿನಲ್ಲಿ ಒಮ್ಮೆಗೆ 10,000 ಕನೆಕ್ಷನ್ ಹಿಡಿಯುವುದು ಹೇಗೆ ಅಂತ ಜನ ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ, ರಷ್ಯಾದ ಇಗೋರ್ ಸಿಸೋಯೆವ್ 2002ರಲ್ಲಿ ಬರೆಯಲು ಶುರು ಮಾಡಿ 2004ರಲ್ಲಿ ಎಲ್ಲರಿಗೂ ಬಿಟ್ಟ. ಪ್ರೊಸೆಸರ್‌ನ ಒಂದು ಕೋರ್‌ಗೆ ಸಾಮಾನ್ಯವಾಗಿ ಒಂದು ವರ್ಕರ್ ಪ್ರೊಸೆಸ್, ಒಂದೊಂದು ವರ್ಕರ್ ಸಾವಿರಾರು ಕನೆಕ್ಷನ್ ಮೇಲೆ ಕಣ್ಣಿಟ್ಟಿರುತ್ತದೆ.

ಇದಕ್ಕೂ ಒಂದು ಮಿತಿ ಇದೆ, ಕಾಕಾನೇ ಹೇಳಿದ್ದು. ಆ ಸಿಎನ್‌ಸಿ ಆಪರೇಟರ್ ಒಂದು ಜಾಬ್ ಹಿಡಿದು ಕೈಯಲ್ಲಿ ಅರ್ಧ ತಾಸು ಅರ ಹಾಕುತ್ತಾ ಕೂತರೆ ಉಳಿದ ಮಷೀನ್ ಎಲ್ಲ ಖಾಲಿ. ಅದಕ್ಕೇ ಎಂಜಿನ್‌ಎಕ್ಸ್ ಭಾರದ ಕೆಲಸ ತಾನು ಮಾಡುವುದಿಲ್ಲ. ಪಿಎಚ್‌ಪಿ, ಪೈಥಾನ್, ಜಾವಾ ಯಾವುದೇ ಇರಲಿ, ಹಿಂದೆ ಇರುವ ಬೇರೆ ಪ್ರೋಗ್ರಾಮ್‌ಗೆ ದಾಟಿಸಿ ತಾನು ಮುಂಬಾಗಿಲಲ್ಲಿ ನಿಲ್ಲುತ್ತದೆ.

ಹಾಗಂತ "ಅಪಾಚಿ ಹಳೇದು, ನಿಧಾನ" ಅಂತ ಇಂಟರ್ವ್ಯೂನಲ್ಲಿ ಹೇಳಬೇಡಿ. 2012ರ 2.4 ಆವೃತ್ತಿಯಿಂದ ಅಪಾಚಿಯಲ್ಲೂ ಇವೆಂಟ್ ಪದ್ಧತಿ ಗಟ್ಟಿಯಾಗಿದೆ, ಸುಮ್ನೆ ಕಾಯುವ ಕನೆಕ್ಷನ್‌ಗೆ ಅಲ್ಲಿ ಆಳು ಕಟ್ಟಿ ಹಾಕುವುದಿಲ್ಲ. ನಿಧಾನ ಮಾಡುವುದು ಬಹಳ ಸಲ ಎಚ್‌ಟಿಆಕ್ಸೆಸ್, ಅಂದರೆ ಫೋಲ್ಡರ್ ಒಳಗೇ ಇಡುವ ಸೆಟ್ಟಿಂಗ್ ಫೈಲ್. ಅದಕ್ಕೆ ಅನುಮತಿ ಕೊಟ್ಟರೆ ಪ್ರತಿ ರಿಕ್ವೆಸ್ಟ್‌ಗೂ ದಾರಿಯಲ್ಲಿ ಸಿಗುವ ಪ್ರತಿ ಫೋಲ್ಡರ್‌ನಲ್ಲಿ ಆ ಫೈಲ್ ಇದೆಯಾ ಅಂತ ಹುಡುಕುತ್ತಾ ಹೋಗುತ್ತದೆ.

ಸರಿ, ನೌಕರಿ.

ಯಾವುದಕ್ಕೆ ಜಾಸ್ತಿ ಅನ್ನುವುದು ನೀವು ಎಲ್ಲಿ ಕೆಲಸ ಹುಡುಕುತ್ತೀರಿ ಅನ್ನುವುದರ ಮೇಲಿದೆ. ನಮ್ಮ ಕಡೆಯ ಪತ್ತಿನ ಸಹಕಾರಿ ಸಂಘ, ಕಾಲೇಜು, ಸಕ್ಕರೆ ಕಾರ್ಖಾನೆ, ಫೌಂಡ್ರಿಗಳ ಸೈಟ್ ನಾನು ಮುಟ್ಟಿದಷ್ಟರಲ್ಲಿ ಹೆಚ್ಚಿನವು ಅಗ್ಗದ ಹೋಸ್ಟಿಂಗ್ ಮೇಲೆ ಪಿಎಚ್‌ಪಿ, ಮುಂದೆ ಅಪಾಚಿ. ಬೆಂಗಳೂರಿನ ಕಂಪನಿ ಕರೆದರೆ ಎಂಜಿನ್‌ಎಕ್ಸ್, ಡಾಕರ್ (ಪ್ರೋಗ್ರಾಮನ್ನು ಡಬ್ಬಿಯಲ್ಲಿ ಕಟ್ಟಿ ನಡೆಸುವ ಟೂಲ್), ಕುಬರ್ನೆಟಿಸ್ (ಅಂಥ ಡಬ್ಬಿಗಳನ್ನು ಹಲವು ಮಷೀನ್ ಮೇಲೆ ನಿಭಾಯಿಸುವ ಟೂಲ್) ಅನ್ನುತ್ತಾರೆ. ಅದರಲ್ಲೂ "ಸಿಸ್ಟಮ್ ಅಡ್ಮಿನ್ ಬೇಕು" ಅನ್ನುವ ಜಾಹೀರಾತು ಈಗ ಕಡಿಮೆ, ಅದೇ ಕೆಲಸಕ್ಕೆ ಡೆವ್‌ಆಪ್ಸ್ ಅಂತಲೋ ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರ್) ಅಂತಲೋ ಹೆಸರು. ಹೆಸರು ಬದಲಾದಾಗ ಕೆಲಸವೂ ಸ್ವಲ್ಪ ಜಾಸ್ತಿ ಆಯಿತು, ಅದು ಬೇರೆ ಮಾತು.

ಹೆಸರಿನ ಹಿಂದೆ ಓಡಿ ನಾನೂ ಒಮ್ಮೆ ಹೆದರಿದ್ದೇನೆ. ನನ್ನ ರೆಸ್ಯೂಮೆಯಲ್ಲಿ ದಪ್ಪಕ್ಷರದಲ್ಲಿ ಸೆಂಟ್‌ಓಎಸ್ ಅಂತ ಇತ್ತು, ಸರ್ವರ್‌ಗೆ ಹಾಕುವ ಒಂದು ಲಿನಕ್ಸ್ ಅದು. 2020ರ ಡಿಸೆಂಬರ್‌ನಲ್ಲಿ ಅದರ ಹಿಂದಿನ ಕಂಪನಿ ರೆಡ್‌ಹ್ಯಾಟ್ ಒಂದು ಪ್ರಕಟಣೆ ಕೊಟ್ಟಿತು: 2029ರ ತನಕ ನಡೆಯಬೇಕಿದ್ದ ಸೆಂಟ್‌ಓಎಸ್ 8, 2021ರ ಕೊನೆಗೇ ಬಂದ್. ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಅದರ ಜಾಗಕ್ಕೆ ರಾಕಿ ಲಿನಕ್ಸ್, ಅಲ್ಮಾಲಿನಕ್ಸ್ ಬಂದವು. ಹಾಕಿ ನೋಡಿದರೆ ಅದೇ ಕಮಾಂಡ್, ಅದೇ ಕಾನ್ಫಿಗ್, ಅದೇ ಎಸ್‌ಇಲಿನಕ್ಸ್ (ಲಿನಕ್ಸ್ ಒಳಗಿನ ಭದ್ರತಾ ಕಾವಲು) ಕಿರಿಕಿರಿ. ಸೆಂಟ್‌ಓಎಸ್ 7 ಕೂಡ 2024ರ ಜೂನ್ 30ಕ್ಕೆ ಮುಗಿಯಿತು, ಅದರಿಂದ ಸರ್ವರ್ ಬದಲಿಸಿಕೊಡುವ ಕೆಲಸವೇ ನಮಗೆ ತಿಂಗಳುಗಟ್ಟಲೆ ಸಿಕ್ಕಿತು!

ಈಗ ನಾನೂ ಇಂಟರ್ವ್ಯೂ ತೆಗೆದುಕೊಳ್ಳುತ್ತೇನೆ. ರೆಸ್ಯೂಮೆಯಲ್ಲಿ ಹದಿನಾಲ್ಕು ಟೂಲ್ ಹೆಸರು ಇರುತ್ತವೆ. ನಾನು ಕೇಳುವುದು ಒಂದೇ: "ಸೈಟ್ 502 ಎರರ್ ತೋರಿಸುತ್ತಿದೆ, ಮೊದಲು ಎಲ್ಲಿ ನೋಡುತ್ತೀರಿ?" ಹತ್ತರಲ್ಲಿ ಏಳು ಜನ "ರೀಸ್ಟಾರ್ಟ್ ಮಾಡ್ತೀನಿ ಸರ್" ಅನ್ನುತ್ತಾರೆ.

502 ಅಂದರೆ ಮುಂಬಾಗಿಲಿನ ಎಂಜಿನ್‌ಎಕ್ಸ್ ಬದುಕಿದೆ, ಹಿಂದಿನವನಿಂದ, ಅಂದರೆ ಹಿಂದೆ ಇರುವ ಪ್ರೋಗ್ರಾಮ್‌ನಿಂದ, ಸರಿಯಾದ ಉತ್ತರ ಬಂದಿಲ್ಲ. ಹಾಗಾಗಿ ಮೊದಲು ಎರರ್ ಲಾಗ್ (ತಪ್ಪುಗಳನ್ನು ಬರೆದಿಡುವ ಫೈಲ್) ತೆರೆಯಿರಿ. 'ಕನೆಕ್ಷನ್ ರಿಫ್ಯೂಸ್ಡ್' ಇದ್ದರೆ ಹಿಂದಿನವನ ಪೋರ್ಟ್‌ನಲ್ಲಿ (ಅವನನ್ನು ಮುಟ್ಟುವ ನಂಬರಿನ ಬಾಗಿಲಲ್ಲಿ) ಯಾರೂ ಕೇಳಿಸಿಕೊಳ್ಳುತ್ತಿಲ್ಲ: ಪ್ರೋಗ್ರಾಮ್ ಸತ್ತಿದೆ, ಇಲ್ಲಾ ಪೋರ್ಟ್ ನಂಬರ್ ತಪ್ಪು. 'ಪರ್ಮಿಷನ್ ಡಿನೈಡ್' ಇದ್ದರೆ ಇಬ್ಬರೂ ಮಾತಾಡಲು ಬಳಸುವ ಸಾಕೆಟ್ ಫೈಲ್‌ನ ಅನುಮತಿ ನೋಡಿ, ರಾಕಿ, ಅಲ್ಮಾ ಆಗಿದ್ದರೆ ಎಸ್‌ಇಲಿನಕ್ಸ್ ನೋಡಿ. 'ಪ್ರಿಮೆಚ್ಯೂರ್ಲಿ ಕ್ಲೋಸ್ಡ್' ಅಂತಿದ್ದರೆ ಹಿಂದಿನವನು ಮಾತಿನ ನಡುವೆಯೇ ಬಿದ್ದಿದ್ದಾನೆ, ಮೆಮೊರಿ ಮುಗಿದು ಲಿನಕ್ಸ್‌ನ ತಿರುಳಾದ ಕರ್ನಲ್ ಅವನನ್ನು ಕೊಂದಿರಬಹುದು. 504 ಬೇರೆ: ಅವನು ಬದುಕಿದ್ದಾನೆ, ಆದರೆ ಉತ್ತರ ತಡ. ಎಂಜಿನ್‌ಎಕ್ಸ್ ಮಾಮೂಲಿಯಾಗಿ 60 ಸೆಕೆಂಡ್ ಕಾದು ಕೈಬಿಡುತ್ತದೆ. ಇಷ್ಟು ಗೊತ್ತಿದ್ದು ರೀಸ್ಟಾರ್ಟ್ ಮಾಡಿದರೆ ನನ್ನ ತಕರಾರಿಲ್ಲ.

ಇದಕ್ಕೆ ಕ್ಲಾಸ್ ಬೇಡ. ನಾನು ಮೊದಲು "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದ ಒಂದು ಕಡೆ ದುಡ್ಡು ಕಟ್ಟಿ ಮೂರು ತಿಂಗಳು ಸ್ಲೈಡ್ ನೋಡಿದೆ, ಪ್ಲೇಸ್‌ಮೆಂಟ್ ಬರಲೇ ಇಲ್ಲ. ಹಳೆ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ, ಒಂದು ಲಿನಕ್ಸ್, ಮುಂದೆ ಎಂಜಿನ್‌ಎಕ್ಸ್, ಹಿಂದೆ ಅಪಾಚಿ ನಿಲ್ಲಿಸಿ. ಹೀಗೆ ಮಾಡಿದರೆ ಎರಡೂ ಕಲಿತಂತಾಯಿತು. ಆಮೇಲೆ ಬೇಕಂತಲೇ ಕೆಡಿಸಿ. ಸರ್ಟಿಫಿಕೇಟ್ ಬೇಕೇ ಬೇಕು ಅಂದರೆ ರೆಡ್‌ಹ್ಯಾಟ್‌ನ ಲಿನಕ್ಸ್ ಅಡ್ಮಿನ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎ ವಾಸಿ. ಅದರಲ್ಲಿ ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆಗಳಿಲ್ಲ, ನಿಜವಾದ ಲಿನಕ್ಸ್ ಮೇಲೆ ಕೂತು ಕೆಲಸ ಮಾಡಿ ತೋರಿಸಬೇಕು. 300ಕ್ಕೆ 210 ಬಂದರೆ ಪಾಸ್.

ಹುಡುಗನ ರೆಸ್ಯೂಮೆಯಲ್ಲಿ ಅಪಾಚಿ, ಎಂಜಿನ್‌ಎಕ್ಸ್, ಟಾಮ್‌ಕ್ಯಾಟ್, ಡಾಕರ್, ಕುಬರ್ನೆಟಿಸ್ ಅಂತ ಒಂದು ಉದ್ದ ಸಾಲಿತ್ತು. ಅಳಿಸಲು ಹೇಳಿದೆ, ಮುಖ ಸಣ್ಣ ಮಾಡಿಕೊಂಡ. ನಿನ್ನೆ ರಾತ್ರಿ ಹೊಸ ಸಾಲು ಬರೆದು ಕಳಿಸಿದ್ದಾನೆ: "ನನ್ನ ಲ್ಯಾಪ್‌ಟಾಪ್‌ನಲ್ಲಿ ಎಂಜಿನ್‌ಎಕ್ಸ್ ಹಿಂದೆ ಅಪಾಚಿ ನಡೆಸಿ, 502 ಮೂರು ರೀತಿಯಲ್ಲಿ ತರಿಸಿ, ಮೂರನ್ನೂ ಲಾಗ್ ನೋಡಿ ಸರಿಪಡಿಸಿದ್ದೇನೆ." ಕೆಳಗೆ ಇನ್ನೊಂದು ಮೆಸೇಜ್: "ಅಣ್ಣಾ, ಮೂರನೇದು ಬೇಕಂತ ತರಿಸಿದ್ದಲ್ಲ, ತಾನಾಗೇ ಬಂತು."