ಪಾಮ್ ಸ್ಪ್ರಿಂಗ್ಸ್: ಗಾಜಿನ ಮನೆಗಳು ಮತ್ತು ಅವು ನಿಂತ ನೆಲ

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಸ್ಯಾನ್ ಹಸಿಂಟೊ ಬೆಟ್ಟದ ಬುಡಕ್ಕಿರುವ ಪಾಮ್ ಸ್ಪ್ರಿಂಗ್ಸ್‌ಗೆ ಪ್ರತಿ ಫೆಬ್ರುವರಿಯಲ್ಲಿ ಜನ ಬರುವುದು ಅಲ್ಲಿನ ಮನೆಗಳನ್ನು ನೋಡಲೆಂದೇ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುವ ಈ ಊರು ಉಳ್ಳವರಿಗೆ ಚಳಿಗಾಲದ ಬಿಡಾರವಾಗಿತ್ತು. ಪಿಟ್ಸ್‌ಬರ್ಗ್‌ನ ವರ್ತಕ ಎಡ್ಗರ್ ಕಾಫ್‌ಮನ್ ಅವರಿಗೆ 1946ರಲ್ಲಿ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಕಟ್ಟಿಕೊಟ್ಟ ಮನೆಯೂ ಅಂಥದೇ. ಅದರ ಗಾಜಿನ ಗೋಡೆಗಳನ್ನು ಸರಿಸಿದರೆ ಹಜಾರ ಎಲ್ಲಿ ಮುಗಿದು ಅಂಗಳ ಎಲ್ಲಿ ಶುರುವಾಯಿತೆಂದು ತಿಳಿಯದು. ಮರಳುಗಾಳಿ ಎದ್ದಾಗ ಮಾಳಿಗೆಯ ಮೇಲಿನ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಗಳನ್ನು ತಿರುಗಿಸಿ ಮರೆ ಮಾಡಿಕೊಳ್ಳಬಹುದು.

ಈ ಶೈಲಿಯನ್ನು ಮಧ್ಯಮ ವರ್ಗದ ಕೈಗೆಟುಕಿಸಿದವರು ಕಟ್ಟಡ ಉದ್ಯಮಿ ಜಾರ್ಜ್ ಅಲೆಕ್ಸಾಂಡರ್ ಮತ್ತು ಅವರ ಮಗ ರಾಬರ್ಟ್. ವಾಸ್ತುಶಿಲ್ಪಿ ವಿಲಿಯಂ ಕ್ರಿಸೆಲ್ ಒಂದೇ ನಕ್ಷೆಯನ್ನು ನಿವೇಶನದಿಂದ ನಿವೇಶನಕ್ಕೆ ತಿರುಗಿಸಿಟ್ಟು, ಚಾವಣಿಯನ್ನು ಒಮ್ಮೆ ಸಪಾಟಾಗಿ, ಇನ್ನೊಮ್ಮೆ ಚಿಟ್ಟೆಯ ರೆಕ್ಕೆಯಂತೆ ಮೇಲೆತ್ತಿ, ಅಗ್ಗದ ಕೆಲಸವೆಂಬುದು ಕಾಣದಂತೆ ಮಾಡಿದರು. ಭಾರವನ್ನೆಲ್ಲ ಕಂಬ ತೊಲೆಗಳೇ ಹೊರುವುದರಿಂದ ಗೋಡೆಯ ನೆತ್ತಿಯುದ್ದಕ್ಕೂ ಗಾಜು ಕೂರಿಸಲು ಸಾಧ್ಯವಾಯಿತು. ಇಂಥ 2000ಕ್ಕೂ ಹೆಚ್ಚು ಮನೆಗಳನ್ನು ಅವರ ಸಂಸ್ಥೆ ಕಟ್ಟಿತು. ಮರುಭೂಮಿಗೆ ಒಗ್ಗುವ ವಾಸ್ತು ಎಂದು ಇದನ್ನು ಹೊಗಳುವುದುಂಟಾದರೂ, ಏರ್ ಕಂಡೀಷನರ್ ಇಲ್ಲದೆ ಜುಲೈ ತಿಂಗಳಲ್ಲಿ ಇಲ್ಲಿ ಬದುಕುವುದು ಕಷ್ಟ.

ಆದರೆ ಮನೆಗಳಷ್ಟೇ ಮುಖ್ಯವಾದುದು ನೆಲದ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸರ್ಕಾರ ಈ ಕಣಿವೆಯನ್ನು ಚದುರಂಗದ ಹಾಸಿನಂತೆ ಒಂದೊಂದು ಚದರ ಮೈಲಿಯ ಚೌಕಗಳಾಗಿ ಹಂಚಿ, ಒಂದು ಬಿಟ್ಟು ಒಂದನ್ನು ರೈಲ್ವೆ ಕಂಪನಿಗೂ ಉಳಿದವನ್ನು ಇಲ್ಲಿನ ಮೂಲನಿವಾಸಿಗಳಾದ ಅಗ್ವಾ ಕಾಲಿಯೆಂಟೆ ಬುಡಕಟ್ಟಿಗೂ ಕೊಟ್ಟಿತ್ತು. ಬುಡಕಟ್ಟಿನ ನೆಲವನ್ನು 99 ವರ್ಷಗಳ ಗುತ್ತಿಗೆಗೆ ಕೊಡಲು 1959ರಲ್ಲಿ ಕಾನೂನು ಅವಕಾಶ ಮಾಡಿಕೊಟ್ಟದ್ದೇ ತಡ, ಪೇಟೆಗೆ ಅಂಟಿಕೊಂಡಿದ್ದ 14ನೇ ಚೌಕದ ಬೆಲೆ ಏರಿತು. ವರ್ಣಭೇದದಿಂದಾಗಿ ಊರಿನ ಬೇರೆಡೆ ಮನೆ ಸಿಗದ ಕಪ್ಪು ಮತ್ತು ಮೆಕ್ಸಿಕನ್ ಮೂಲದ ಕೂಲಿಕಾರರು ಅಲ್ಲಿ ವಾಸವಾಗಿದ್ದರು. ಅವರನ್ನು ತೆರವುಗೊಳಿಸಿ, ಮನೆಗಳನ್ನು ಕೆಡವಿ ಸುಡಲಾಯಿತು. ಇದರಲ್ಲಿ ನಗರಾಡಳಿತದ ಕೈವಾಡವನ್ನು ರಾಜ್ಯದ ಅಟಾರ್ನಿ ಜನರಲ್ ಕಚೇರಿಯ 1968ರ ವರದಿ ಕಟುವಾಗಿ ಖಂಡಿಸಿತು. ನಗರಸಭೆ ಕ್ಷಮೆ ಕೇಳಿದ್ದು 2021ರಲ್ಲಿ, 59 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿದ್ದು 2024ರಲ್ಲಿ.

ಗಾಜಿನ ಮನೆಗಳೂ ನಡುವೆ ಕೆಲಕಾಲ ಮೂಲೆಗುಂಪಾಗಿದ್ದವು. 1990ರ ದಶಕದಲ್ಲಿ ಕಾಫ್‌ಮನ್ ಮನೆ ಜೀರ್ಣೋದ್ಧಾರವಾದ ಮೇಲೆ ಅವುಗಳ ಅದೃಷ್ಟ ತಿರುಗಿತು. ಆದರೂ ಪಕ್ಕದ ರಾಂಚೊ ಮಿರಾಜ್‌ನಲ್ಲಿ ನ್ಯೂಟ್ರಾ ಕಟ್ಟಿದ್ದ ಮ್ಯಾಸ್ಲನ್ ಮನೆಯನ್ನು 2002ರಲ್ಲಿ ಕೊಂಡವರೇ ಕೆಡವಿಹಾಕಿದರು. ಇಂದು ಪಾಮ್ ಸ್ಪ್ರಿಂಗ್ಸ್‌ನ ಮನೆ ಮಾರಾಟದ ಜಾಹೀರಾತುಗಳಲ್ಲಿ ವಾಸ್ತುಶಿಲ್ಪಿಯ ಹೆಸರಿನ ಜೊತೆಗೆ ನೆಲ ಸ್ವಂತದ್ದೋ ಬುಡಕಟ್ಟಿನ ಗುತ್ತಿಗೆಯದ್ದೋ ಎಂಬುದನ್ನೂ ನಮೂದಿಸಿರುತ್ತಾರೆ.